ಪರೋಕ್ಷವಿನಯ: ಅಗಲಿದ ಹಿರಿಯ ಒಡನಾಡಿಗೆ ಸಲ್ಲಬೇಕಾದದ್ದು

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಜಕ್ಕಿಯಬ್ಬೆಯ ಶಾಸನ ಕನ್ನಡ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಆಳ್ವಿಕೆಯಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಅಧಿಕಾರ ಅವನ ಮಡದಿ ಜಕ್ಕಿಯಬ್ಬೆಗೆ ಬಂದಿತು. ನಾಡನ್ನು ದಕ್ಷತೆಯಿಂದ ನಡೆಸಿದ ಆಕೆ, ದೇಹ ರೋಗಕ್ಕೆ ಈಡಾದಾಗ, ಮಗಳನ್ನು ಕರೆಸಿ ತನ್ನ ಹೊಣೆಯನ್ನು ಅವಳಿಗೆ ಒಪ್ಪಿಸಿ, ಬಂದಣಿಕೆಯ ತೀರ್ಥದಲ್ಲಿ ಸಲ್ಲೇಖನ ಕೈಗೊಂಡು ದೇಹವನ್ನು ತ್ಯಜಿಸಿದಳು. ಹತ್ತನೆಯ ಶತಮಾನದ ಆರಂಭದ ಈ ಶಾಸನವನ್ನು ಸಾಮಾನ್ಯವಾಗಿ ಸ್ತ್ರೀಯರ ಅಧಿಕಾರಕ್ಕೆ ಸಾಕ್ಷಿಯಾಗಿ ಉದಾಹರಿಸುತ್ತಾರೆ. ಅದು ಸರಿಯೇ. ಆದರೆ ಇಲ್ಲಿ ಎರಡು ಸಾವುಗಳ ಜೊತೆಗೆ ಎರಡು ಸಲ ಹೊಣೆ ಕೈಬದಲಾದದ್ದೂ ದಾಖಲಾಗಿದೆ. ಅಗಲಿದವರ ನೆನಪಿನಷ್ಟೇ ಅವರು ಬಿಟ್ಟುಹೋದ ಕೆಲಸವನ್ನು ಯಾರು ಹೊತ್ತರೆಂಬುದೂ ಆ ಕಾಲಕ್ಕೆ ಮುಖ್ಯವಾಗಿತ್ತು.

ಕನ್ನಡದ ನಿಸಿದಿ ಶಾಸನಗಳು ಈ ಮನೋಧರ್ಮಕ್ಕೆ ಒಂದು ಹೆಸರನ್ನೇ ಕೊಟ್ಟಿವೆ: ಪರೋಕ್ಷವಿನಯ. ಗುರುವಿಗೋ ಬಂಧುವಿಗೋ ಪರೋಕ್ಷವಿನಯವಾಗಿ ನಿಸಿದಿಗೆಯನ್ನು ಮಾಡಿಸಿದರೆಂಬ ಒಕ್ಕಣೆ ಶ್ರವಣಬೆಳಗೊಳವೇ ಮೊದಲಾದ ಕಡೆಗಳಲ್ಲಿ ಕಾಣುತ್ತದೆ. ಜೈನಶಾಸ್ತ್ರದಲ್ಲಿ ವಿನಯವು ಆರು ಅಭ್ಯಂತರ ತಪಸ್ಸುಗಳಲ್ಲಿ ಒಂದು. ಆಚಾರ್ಯರು ಎದುರಿಗೆ ಬಂದಾಗ ಎದ್ದು ನಿಲ್ಲುವುದೂ ಕೈಮುಗಿಯುವುದೂ ಪ್ರತ್ಯಕ್ಷದ ನಡವಳಿಕೆ. ಅವರು ಎದುರಿಗಿಲ್ಲದಾಗಲೂ ಮನಸ್ಸು, ಮಾತು, ದೇಹಗಳಿಂದ ಗೌರವಿಸುವುದೂ ಗುಣಗಳನ್ನು ಕೀರ್ತಿಸುವುದೂ ಸ್ಮರಿಸುವುದೂ ವಿನಯವೇ ಎಂಬುದು ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆ. ಇಲ್ಲಿ ಮನಸ್ಸು ಮತ್ತು ಮಾತುಗಳ ಜೊತೆಗೆ ದೇಹವನ್ನೂ ಹೇಳಿರುವುದು ಗಮನಾರ್ಹ. ಬರಿಯ ಮಾತಿನಿಂದ ಪರೋಕ್ಷವಿನಯ ಪೂರ್ಣವಾಗದು. ಮೈ ಬಗ್ಗಿಸಿ ಮಾಡುವ ಕೆಲಸವೂ ಅದಕ್ಕೆ ಬೇಕು.

ಇದೇ ತಾಲ್ಲೂಕಿನ ಇನ್ನೊಂದು ಶಾಸನದ ಅಧ್ಯಯನಚರಿತ್ರೆಯಲ್ಲಿ ಇಂಥ ವಿನಯದ ಆಧುನಿಕ ನಿದರ್ಶನವೊಂದು ಅಡಗಿದೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭಶಾಸನವನ್ನು ಬೆಳಕಿಗೆ ತಂದವರು ಬಿ.ಎಲ್. ರೈಸ್. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದ ಮಯೂರಶರ್ಮ ಶಸ್ತ್ರ ಹಿಡಿದು ರಾಜ್ಯ ಕಟ್ಟಿದ ವೃತ್ತಾಂತ ತಿಳಿದಿರುವುದು ಈ ಕಂಬದಿಂದಲೇ. ಕಾಕುಸ್ಥವರ್ಮ ಅಲ್ಲಿ ಕಟ್ಟಿಸಿದ ಕೆರೆಯ ಸಂಗತಿಯನ್ನು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕವಿ ಕುಬ್ಜ ಕಾವ್ಯವಾಗಿ ರಚಿಸಿ, ತಾನೇ ಕಲ್ಲಿನ ಮೇಲೆ ಬರೆದ. ತಂದೆಯ ಕೆಲಸವನ್ನು ಮಗನ ಕಾಲ ಸ್ಮರಿಸಿದ ಈ ಕಲ್ಲೂ ಒಂದರ್ಥದಲ್ಲಿ ಪರೋಕ್ಷವಿನಯವೇ.

ರೈಸರ ಈ ಶೋಧದ ಮಹತ್ವವನ್ನು 1895ರಲ್ಲಿ ಯುರೋಪಿನ ವಿದ್ವಲ್ಲೋಕಕ್ಕೆ ಪರಿಚಯಿಸಿದವರು ವಿಯೆನ್ನಾದ ಪ್ರಾಧ್ಯಾಪಕ ಗೇಯಾರ್ಗ್ ಬ್ಯೂಲರ್. ಜೈನ ಅಧ್ಯಯನಕ್ಕೆ ಅವರ ಋಣ ದೊಡ್ಡದು. 1874ರಲ್ಲಿ ತರುಣ ಹರ್ಮನ್ ಯಾಕೋಬಿಯವರೊಡನೆ ಜೈಸಲ್ಮೇರದ ಜೈನ ಭಂಡಾರವನ್ನು ಕಂಡವರು ಅವರು. ಮಥುರೆಯ ಶಾಸನಗಳ ಆಧಾರದಿಂದ ಜೈನ ಗಣ, ಕುಲ, ಶಾಖೆಗಳ ಪರಂಪರೆ ಪ್ರಾಮಾಣಿಕವೆಂದು ತೋರಿಸಿದವರೂ ಹೇಮಚಂದ್ರನ ಜೀವನವನ್ನು ಕುರಿತು ಬರೆದವರೂ ಅವರೇ. 1898ರ ಏಪ್ರಿಲ್ 8ರಂದು ಕಾನ್‌ಸ್ಟನ್ಸ್ ಸರೋವರದಲ್ಲಿ ಒಬ್ಬರೇ ದೋಣಿ ನಡೆಸುತ್ತಿದ್ದಾಗ ನೀರುಪಾಲಾದರು. ಅವರು ಯೋಜಿಸಿ ಆರಂಭಿಸಿದ್ದ ಭಾರತೀಯ ಆರ್ಯ ಭಾಷೆ ಮತ್ತು ಪುರಾತತ್ತ್ವಗಳ ವಿಶ್ವಕೋಶಮಾಲೆ ಅರ್ಧದಲ್ಲಿ ನಿಂತಿತು.

ಫ್ರಾಂಜ್ ಕೀಲ್‌ಹಾರ್ನ್ ಬ್ಯೂಲರ್‌ಗಿಂತ ಮೂರು ವರ್ಷ ಕಿರಿಯರು. ಬ್ಯೂಲರ್ ಮುಂಬಯಿಯಲ್ಲೂ ಕೀಲ್‌ಹಾರ್ನ್ ಪುಣೆಯಲ್ಲೂ ಅಧ್ಯಾಪಕರಾಗಿದ್ದಾಗ ಇಬ್ಬರೂ ಸೇರಿ ಬಾಂಬೆ ಸಂಸ್ಕೃತ ಗ್ರಂಥಮಾಲೆಯನ್ನು ಕಟ್ಟಿದ್ದರು. ಪತಂಜಲಿಯ ಮಹಾಭಾಷ್ಯವನ್ನು ಸಂಪಾದಿಸಿದ ಕೀಲ್‌ಹಾರ್ನರಿಗೆ ಗ್ಯೋಟಿಂಗೆನ್‌ನಲ್ಲಿ ತಮ್ಮದೇ ಕೆಲಸ ಬೇಕಾದಷ್ಟಿತ್ತು. ಆದರೂ ಅರವತ್ತರ ಹೊಸ್ತಿಲಲ್ಲಿ ಅವರು ಗೆಳೆಯನ ವಿಶ್ವಕೋಶದ ಭಾರವನ್ನು ಹೊತ್ತರು. ಮುಖಪುಟದಲ್ಲಿ ಸ್ಥಾಪಕರ ಸ್ಥಾನದಲ್ಲಿ ಬ್ಯೂಲರ್ ಅವರ ಹೆಸರೇ ಉಳಿಯಿತು. ಕೀಲ್‌ಹಾರ್ನ್ ತಮ್ಮನ್ನು ಮುಂದುವರಿಸಿದವರೆಂದು ಮಾತ್ರ ಹೇಳಿಕೊಂಡರು. ತಾಳಗುಂದದ ಕಂಬವೂ ಅವರ ಕೈಗೇ ಬಂದಿತು. ಎಪಿಗ್ರಾಫಿಯಾ ಇಂಡಿಕಾದ 8ನೆಯ ಸಂಪುಟದಲ್ಲಿ ಅವರು ಅದನ್ನು ಸಾಂಗೋಪಾಂಗವಾಗಿ ಸಂಪಾದಿಸಿ, ಅದರ ಮೊದಲ 24 ಪದ್ಯಗಳ ಅಪರೂಪದ ಛಂದಸ್ಸನ್ನು ಗುರುತಿಸಿದರು. 1908ರಲ್ಲಿ ಅವರೂ ತೀರಿಕೊಂಡ ಮೇಲೆ ವಿಶ್ವಕೋಶದ ಹೊಣೆ ಲ್ಯೂಡರ್ಸ್ ಮತ್ತು ವಾಕರ್‌ನಾಗೆಲ್ ಅವರಿಗೆ ದಾಟಿತು. ಬಂದಳಿಕೆಯ ಕಲ್ಲಿನಲ್ಲಿ ಕಂಡ ಕ್ರಮವೇ ಇಲ್ಲಿಯೂ ಇದೆ.

ಈ ಅಳತೆಗೋಲಿನಿಂದ ನೋಡಿದರೆ ಇಂದಿನ ಕನ್ನಡ ವಿದ್ವತ್ ವಲಯದ ಸಂಸ್ಮರಣೆ ಸೊರಗಿದಂತೆ ತೋರುತ್ತದೆ. ಹಿರಿಯ ಸಂಶೋಧಕರೊಬ್ಬರು ತೀರಿಕೊಂಡರೆ ನುಡಿನಮನದ ಸಭೆ ಸೇರುತ್ತದೆ, ‘ತುಂಬಲಾರದ ನಷ್ಟ’ವೆಂಬ ಮಾತು ಹತ್ತು ಬಾಯಿಗಳಿಂದ ಬರುತ್ತದೆ, ಅನುಕೂಲವಾದರೆ ಸಂಸ್ಮರಣ ಗ್ರಂಥವೂ ಹೊರಬರುತ್ತದೆ. ಅಷ್ಟರಲ್ಲಿ ಅವರು ತೆಗೆದಿಟ್ಟಿದ್ದ ಶಾಸನದ ಅಚ್ಚುಗಳು, ಕ್ಷೇತ್ರಕಾರ್ಯದ ಪುಸ್ತಕಗಳು, ಎಪಿಗ್ರಾಫಿಯಾ ಕರ್ನಾಟಿಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ತಿದ್ದುಪಡಿಗಳು ಅಟ್ಟವನ್ನೋ ಹಳೆಯ ಕಾಗದದ ಅಂಗಡಿಯನ್ನೋ ಸೇರುತ್ತವೆ. ಶಿಕಾರಿಪುರದ ಶಾಸನಗಳು ಆ ಮಾಲೆಯ 7ನೆಯ ಸಂಪುಟದಲ್ಲಿ 1902ರಲ್ಲೂ ಸೊರಬದವು 8ನೆಯದರಲ್ಲಿ 1904ರಲ್ಲೂ ಅಚ್ಚಾದವು. ಅಂದು ಕೆರೆಯ ಏರಿಯಲ್ಲಿದ್ದ ಕಲ್ಲು ಇಂದು ಎಲ್ಲಿದೆ, ಯಾವ ಅಕ್ಷರ ಸವೆದಿದೆ, ಯಾವ ಓದು ಅನುಮಾನಾಸ್ಪದ ಎಂಬುದನ್ನು ಊರೂರು ಅಲೆದ ಒಬ್ಬ ಹಿರಿಯರು ಬಲ್ಲರು. ಆ ತಿಳಿವು ಅವರೊಂದಿಗೇ ಹೋದರೆ ನಷ್ಟ ನಿಜವಾಗಿಯೂ ತುಂಬಲಾರದ್ದಾಗುತ್ತದೆ, ಅದಕ್ಕೆ ಉಳಿದವರೇ ಹೊಣೆಯಾಗುತ್ತಾರೆ.

ಪ್ರೀತಿಯ ಹಿರಿಯರನ್ನು ಕಳೆದುಕೊಂಡವರಿಗೆ ದುಃಖಿಸುವ ಹಕ್ಕೂ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ. ನಿಸಿದಿಗಲ್ಲುಗಳೂ ಗುಣಕೀರ್ತನೆಯನ್ನು ಬಿಟ್ಟಿಲ್ಲ. ಆದರೆ ಅವು ಅದರ ಜೊತೆಗೆ ತೀರಿಕೊಂಡವರು ಯಾವ ಗುರುಪರಂಪರೆಯವರು, ಎಂದು, ಹೇಗೆ ದೇಹ ಬಿಟ್ಟರು, ಕಲ್ಲನ್ನು ಯಾರು ನಿಲ್ಲಿಸಿದರು ಎಂಬುದನ್ನೂ ಹೇಳುತ್ತವೆ. ಮೆಚ್ಚುಗೆ ಮತ್ತು ಮಾಹಿತಿ ಅಲ್ಲಿ ಒಂದಕ್ಕೊಂದು ವಿರೋಧವಲ್ಲ. ಹಾಗೆಯೇ ಹಿರಿಯರ ಓದಿನಲ್ಲಿ ತಪ್ಪು ಕಂಡರೆ ತಿದ್ದುವುದೂ ಅವಿನಯವಲ್ಲ. ಅವರನ್ನು ಪೂರ್ತಿ ಓದಿದವನಿಗೆ ಮಾತ್ರ ಅವರನ್ನು ತಿದ್ದಲು ಸಾಧ್ಯ.

ಸೊರಬ ತಾಲ್ಲೂಕಿನ ಹಿರೇಆವಲಿಯಲ್ಲಿ ಸಮಾಧಿಮರಣ ಪಡೆದ ಗೌಡರ, ಅವರ ಮಡದಿಯರ ನಿಸಿದಿಗಲ್ಲುಗಳು ಒಂದೇ ಊರಿನಲ್ಲಿ ಸಾಲುಸಾಲಾಗಿ ಸಿಗುತ್ತವೆ. ಒಂದು ತಲೆಮಾರು ಹಿಂದಿನದಕ್ಕೆ ಕಲ್ಲು ನಿಲ್ಲಿಸಿತು; ಮುಂದಿನದು ಅದನ್ನು ಮರೆಯಲಿಲ್ಲ. ಆವಲಿಯವರಿಗೆ ಕಲ್ಲು ಹೇಗೋ ವಿದ್ವಾಂಸರಿಗೆ ಟಿಪ್ಪಣಿ ಪುಸ್ತಕ ಹಾಗೆ. ಹಿರಿಯ ಒಡನಾಡಿಯ ಮನೆಗೆ ಸಾಂತ್ವನ ಹೇಳಲು ಹೋದವರು ಮರಳುವ ಮುನ್ನ ಅವರ ಬರಹದ ಮೇಜಿನ ಮೇಲೆ ಏನು ಅರ್ಧಕ್ಕೆ ನಿಂತಿದೆಯೆಂದು ಮನೆಯವರನ್ನು ಕೇಳಲಿ. ಪರೋಕ್ಷವಿನಯ ಅಲ್ಲಿಂದ ಮೊದಲಾಗಬೇಕು.