ದಡದಲ್ಲಿ ನಿಂತು ಕೈ ಬೀಸುವವರು

ಮನೆಗೆ ನೆಂಟರು ಬರುತ್ತಾರೆಂದರೆ ನಾವೇನು ಮಾಡುತ್ತೇವೆ ಹೇಳಿ? ಬೆಳಗಿನಿಂದ ಸೊಂಟ ಬಿದ್ದುಹೋಗುವಷ್ಟು ದುಡಿದು, ಗೇಟಿನ ಸದ್ದು ಕೇಳಿದ ಕೂಡಲೇ ಸೆರಗಿನಿಂದ ಮುಖ ಒರೆಸಿಕೊಂಡು, 'ಬನ್ನಿ ಬನ್ನಿ, ಎಷ್ಟು ದಿನ ಆಯ್ತು!' ಅಂತ ನಗುತ್ತಾ ಬಾಗಿಲಿಗೆ ಓಡುತ್ತೇವೆ. ತಲೆ ಸಿಡಿಯುತ್ತಿದ್ದರೂ ಬಂದವರಿಗೆ ಗೊತ್ತಾಗಬಾರದು. ವರ್ಷದ 365 ದಿನವೂ, ಸಂಬಳಕ್ಕಾಗಿ, ಗುರುತೇ ಇಲ್ಲದವರ ಮುಂದೆ ಹೀಗೆ ನಗಬೇಕಾದವರ ಪಾಡು ಹೇಗಿರಬಹುದು? ಈ ಸಲ ಅಂಥವರಿರುವ ಒಂದು ಧಾರಾವಾಹಿಯ ಮಾತು.

ಹೆಸರು 'ದಿ ವೈಟ್ ಲೋಟಸ್'. ಬಿಳಿ ತಾವರೆ. ಅಮೆರಿಕದ ಎಚ್‌ಬಿಒ ಸಂಸ್ಥೆಯದು. ಬರೆದು ನಿರ್ದೇಶಿಸಿದವರು ಮೈಕ್ ವೈಟ್. ಮೊದಲ ಭಾಗ 2021ರ ಜುಲೈನಲ್ಲಿ ಬಂತು. ಬರೀ 6 ಕಂತು, ನಮ್ಮ ಸಂಜೆಯ ಧಾರಾವಾಹಿಗಳ ಹಾಗೆ ಸೊಸೆಗೆ ಮೊಮ್ಮಕ್ಕಳಾಗುವ ತನಕ ಎಳೆದಿಲ್ಲ! ಕೊರೋನಾ ಕಾಲದಲ್ಲಿ, 2020ರ ಕೊನೆಯಲ್ಲಿ, ಹವಾಯಿಯ ಮಾವಿ ದ್ವೀಪದ ಒಂದು ನಿಜವಾದ ದೊಡ್ಡ ಹೋಟೆಲಿನಲ್ಲೇ ಎಲ್ಲರೂ ಉಳಿದುಕೊಂಡು ಚಿತ್ರೀಕರಣ ಮಾಡಿದರಂತೆ. 2022ರಲ್ಲಿ ಇದಕ್ಕೆ 10 ಎಮ್ಮಿ ಪ್ರಶಸ್ತಿ ಸಿಕ್ಕಿತು.

ಎರಡು ಮಾತು ಮುಂಚೆಯೇ ಹೇಳಿಬಿಡ್ತೀನಿ. ಇದು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಂಥದ್ದಲ್ಲ. ಮಾತೂ ಒರಟು, ದೃಶ್ಯಗಳೂ ಹಾಗೇ. ಇನ್ನೊಂದು, ನಾನು ಕಥೆ ಪೂರ್ತಿ ಹೇಳುವವಳು. ನೋಡಲೇಬೇಕೆಂದಿರುವವರು ಪುಟ ತಿರುಗಿಸಿ ಹೀರೇಕಾಯಿ ಸಿಪ್ಪೆಯ ಚಟ್ನಿಗೆ ಹೋಗಬಹುದು.

ಸಮುದ್ರದಂಡೆಯ ಹೋಟೆಲು. ಶ್ರೀಮಂತ ಅತಿಥಿಗಳು ದೋಣಿಯಲ್ಲಿ ಬರುತ್ತಾರೆ. ದಡದಲ್ಲಿ ಸಿಬ್ಬಂದಿ ಸಾಲಾಗಿ ನಿಂತು ನಗುತ್ತಾ ಕೈ ಬೀಸಬೇಕು. ಮ್ಯಾನೇಜರ್ ಆರ್ಮಂಡ್ ಅವತ್ತೇ ಕೆಲಸಕ್ಕೆ ಸೇರಿದ ಲಾನಿ ಎಂಬ ಹೆಂಗಸಿಗೆ ಪಾಠ ಹೇಳಿಕೊಡುತ್ತಾನೆ: ಅತಿಥಿಗಳಿಗೆ ನೀನು ಇಂಥವಳು ಎಂದು ಗೊತ್ತಾಗುವುದು ಬೇಡ, ಹಿತವಾದ ಒಂದು ಮುಖವಾಗಿದ್ದರೆ ಸಾಕು. ಪಾಪ, ಅವಳಿಗೆ ಆಗಲೇ ಹೆರಿಗೆ ನೋವು ಶುರುವಾಗಿರುತ್ತದೆ. ಬಸುರಿ ಅಂತ ಹೇಳಿದರೆ ಎಲ್ಲಿ ಕೆಲಸ ಹೋಗುತ್ತದೋ ಎಂದು ಮುಚ್ಚಿಟ್ಟಿದ್ದಾಳೆ. ದಿನವಿಡೀ ಪಕ್ಕದಲ್ಲೇ ಓಡಾಡಿದರೂ ಮ್ಯಾನೇಜರಿಗೆ ಅದು ಕಾಣಿಸುವುದೇ ಇಲ್ಲ. ಕೊನೆಗೆ ಅವನ ಆಫೀಸಿನಲ್ಲೇ ಮಗು ಹುಟ್ಟುತ್ತದೆ. ಎರಡನೇ ಕಂತಿನಿಂದ ಲಾನಿ ಇಲ್ಲ. ಏನಾದಳು, ಮಗು ಹೇಗಿದೆ, ಯಾರೂ ಕೇಳುವುದಿಲ್ಲ. ಹೊಟ್ಟೆಯಲ್ಲಿ ಒಂಥರಾ ಸಂಕಟವಾಯಿತು ನನಗೆ.

ಆರ್ಮಂಡನೂ ಸುಖವಾಗಿಲ್ಲ ಅನ್ನಿ. ಹೊಸದಾಗಿ ಮದುವೆಯಾದ ಶೇನ್ ಎಂಬ ಹಣವಂತನಿಗೆ ಬುಕ್ ಮಾಡಿದ ಕೋಣೆ ಸಿಕ್ಕಿಲ್ಲ, ಬೇರೆ ಕೋಣೆ ಸಿಕ್ಕಿದೆ. ಅದೂ ಅರಮನೆಯ ಹಾಗೇ ಇದೆ, ಆದರೂ ಅವನ ಹಟ ಬಿಡದು. ಇಷ್ಟು ಸಣ್ಣದರಿಂದ ಶುರುವಾದ ಜಗಳ, 5 ವರ್ಷದಿಂದ ಕುಡಿತ ಬಿಟ್ಟಿದ್ದ ಆರ್ಮಂಡನನ್ನು ಮತ್ತೆ ಚಟಕ್ಕೆ ತಳ್ಳಿ, ಕೊನೆಗೆ ಅವನ ಪ್ರಾಣವನ್ನೇ ತೆಗೆಯುತ್ತದೆ. ಶೇನ್ ವಿಮಾನ ಹತ್ತಿ ಊರಿಗೆ ಹೋಗುತ್ತಾನೆ, ಹೆಂಡತಿಯ ಜೊತೆಗೇ. ಕೈ ಎಂಬ ಹವಾಯಿ ಹುಡುಗನದೂ ಇದೇ ಗತಿ. ಹೋಟೆಲು ನಿಂತ ನೆಲ ತನ್ನ ಮನೆತನದ್ದು ಎನ್ನುತ್ತಾನೆ, ಆದರೆ ಹೊಟ್ಟೆಪಾಡಿಗೆ ಅಲ್ಲೇ ಅತಿಥಿಗಳ ಊಟದ ಹೊತ್ತಿಗೆ ಕುಣಿಯುತ್ತಾನೆ. ಅತಿಥಿಗಳ ಜೊತೆ ಬಂದ ಹುಡುಗಿಯ ಮಾತು ಕೇಳಿ ಬಳೆ ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ದಾರಿ ತೋರಿಸಿದವಳು ಒಂದಿಷ್ಟು ಅತ್ತು ಸುಮ್ಮನಾಗುತ್ತಾಳೆ.

ಆದರೆ ನನ್ನ ಮನಸ್ಸಿನಲ್ಲಿ ಉಳಿದವಳು ಬೆಲಿಂಡಾ. ಹೋಟೆಲಿನ ಸ್ಪಾ, ಅಂದರೆ ಎಣ್ಣೆ ಹಚ್ಚಿ ಮೈಕೈ ಒತ್ತಿ ದಣಿವು ಕಳೆಯುವ ಜಾಗ, ಅದರ ಮೇಲ್ವಿಚಾರಕಿ. ನತಾಶಾ ರಾತ್‌ವೆಲ್ ಈ ಪಾತ್ರ ಮಾಡಿದ್ದಾರೆ. ಕಣ್ಣಲ್ಲೇ ಅರ್ಧ ಮಾತು ಹೇಳುತ್ತಾರೆ. ತಾಯಿಯ ಬೂದಿಯನ್ನು ಸಮುದ್ರಕ್ಕೆ ಬಿಡಲು ಬಂದ ಟಾನ್ಯಾ ಎಂಬ ಒಂಟಿ ಶ್ರೀಮಂತೆಯ ನೋವನ್ನು ಬೆಲಿಂಡಾ ಬಲು ಪ್ರೀತಿಯಿಂದ ಇಳಿಸುತ್ತಾಳೆ. ಟಾನ್ಯಾ ಕರಗಿಹೋಗುತ್ತಾಳೆ. 'ನೀನು ಸ್ವಂತದ್ದೇ ಒಂದು ಶುರು ಮಾಡು, ದುಡ್ಡು ನಾನು ಹಾಕ್ತೀನಿ' ಅನ್ನುತ್ತಾಳೆ.

ಬೆಲಿಂಡಾ ಕೇಳಿರಲಿಲ್ಲ, ಗಮನಿಸಿ. ಆಸೆ ಹುಟ್ಟಿಸಿದವಳು ಟಾನ್ಯಾ. ಬೆಲಿಂಡಾ ಮಗನಿಗೆ ಫೋನು ಮಾಡುತ್ತಾಳೆ, ಕೂತು ಯೋಜನೆ ಬರೆಯುತ್ತಾಳೆ, ಕಾಗದಪತ್ರ ಹಿಡಿದು ಕಾಯುತ್ತಾಳೆ. ಅಷ್ಟರಲ್ಲಿ ಟಾನ್ಯಾಗೆ ಒಬ್ಬ ಗಂಡಸು ಸಿಕ್ಕಿರುತ್ತಾನೆ, ಇದೆಲ್ಲ ಯಾರಿಗೆ ಬೇಕು? ಹೊರಡುವ ದಿನ ಒಂದು ಲಕೋಟೆಯಲ್ಲಿ ನೋಟು ತುರುಕಿ ಕೈಗೆ ಕೊಟ್ಟು ಹೋಗುತ್ತಾಳೆ. ಕೆಟ್ಟವಳೇನಲ್ಲ, ಹೇಳುವಾಗ ನಿಜವಾಗಿಯೂ ಹಾಗೇ ಅನ್ನಿಸಿತ್ತು. ಅದೇ ಅಲ್ವೇ ಹೆಚ್ಚು ನೋಯಿಸುವುದು! 'ನಿನ್ನ ಮಗಳನ್ನ ಓದಿಸೋ ಭಾರ ನಂದು ಕಣೇ' ಅಂತ ಬಾಣಂತನ ಮಾಡಲು ಬಂದವಳಿಗೆ ಸಂತೋಷದಲ್ಲಿ ಹೇಳಿ, ಮಗುವಿನ ನಾಮಕರಣದ ಹೊತ್ತಿಗೆ ಮರೆಯುವವರು ನಮ್ಮ ಬೀದಿಯಲ್ಲೂ ಇದ್ದಾರೆ. ಹೇಳಿದವರಿಗೆ ಅದು ಒಂದು ಮಾತು. ಕೇಳಿಸಿಕೊಂಡವಳು ಅವತ್ತು ರಾತ್ರಿಯೇ ಮಗಳ ಹತ್ತಿರ ಹೇಳಿರುತ್ತಾಳೆ.

ಅದೇ ದಿನ ಶೇನ್‌ನ ಹೆಂಡತಿ ರೇಚಲ್ ತನ್ನ ಸಂಸಾರದ ಗೋಳು ಹೇಳಿಕೊಳ್ಳಲು ಬೆಲಿಂಡಾಳ ಹತ್ತಿರ ಬರುತ್ತಾಳೆ. ಬೆಲಿಂಡಾ, ಕೊಡಲು ನನ್ನ ಹತ್ತಿರ ಬುದ್ಧಿಮಾತು ಇನ್ನು ಉಳಿದಿಲ್ಲ ಎಂದು ಎದ್ದು ಹೋಗುತ್ತಾಳೆ. ಇದನ್ನು ನೋಡಿ 'ಎಷ್ಟು ಕಠಿಣ' ಎಂದರು ನನ್ನ ಗೆಳತಿಯೊಬ್ಬರು. ನನಗೆ ಹಾಗನ್ನಿಸಲಿಲ್ಲ. ಮಾರನೆಯ ದೋಣಿಗೆ ಅವಳು ಮತ್ತೆ ದಡದಲ್ಲಿ ನಿಂತು ನಗಲೇಬೇಕಲ್ಲ!

ಎರಡನೇ ಭಾಗ 2022ರಲ್ಲಿ ಬಂತು, ಇಟಲಿಯ ಸಿಸಿಲಿಯ ಹೋಟೆಲು. ಟಾನ್ಯಾ ಅಲ್ಲಿ ಸಾಯುತ್ತಾಳೆ. ಅದರಲ್ಲಿ ಸಿಬ್ಬಂದಿಯ ಕಥೆ ಕಡಿಮೆ, ನನಗೆ ಅಷ್ಟು ಹಿಡಿಸಲಿಲ್ಲ. 2025ರ ಮೂರನೇ ಭಾಗ ಥಾಯ್ಲೆಂಡಿನಲ್ಲಿ. ಅಲ್ಲಿಯ ಸ್ಪಾ ಕೆಲಸ ಕಲಿಯಲು ಬೆಲಿಂಡಾ ಮತ್ತೆ ಬರುತ್ತಾಳೆ. ಪೊನ್‌ಚಾಯ್ ಎಂಬ ಅಲ್ಲಿಯ ನೌಕರ ಅಕ್ಕರೆಯಿಂದ ಎಲ್ಲ ತೋರಿಸಿಕೊಡುತ್ತಾನೆ. ಸ್ನೇಹ ಬೆಳೆಯುತ್ತದೆ. ನಾವಿಬ್ಬರೂ ಸೇರಿ ಒಂದು ಸ್ಪಾ ತೆರೆಯೋಣವೇ ಎಂದು ಕೇಳುತ್ತಾನೆ. ಇವಳೂ ಮನಸ್ಸು ಕೊಡುತ್ತಾಳೆ.

ಆಮೇಲೆ ಟಾನ್ಯಾಳ ಗಂಡ ಅಲ್ಲಿ ಹೆಸರು ಬದಲಿಸಿಕೊಂಡು ಬದುಕುತ್ತಿರುವುದು ಬೆಲಿಂಡಾಳ ಕಣ್ಣಿಗೆ ಬೀಳುತ್ತದೆ. ಬಾಯಿ ಮುಚ್ಚಿಕೊಂಡಿರಲು ಅವನು 1 ಲಕ್ಷ ಡಾಲರ್ ಕೊಡಲು ಬರುತ್ತಾನೆ. ಬೆಲಿಂಡಾಳ ಮಗ ಕೂತು ಚೌಕಾಸಿ ಮಾಡಿ ಅದನ್ನು 50 ಲಕ್ಷ ಡಾಲರಿಗೆ ಏರಿಸುತ್ತಾನೆ. ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವ ನಾವು ಅವನ ಮುಂದೆ ಏನೂ ಅಲ್ಲ!

ಹಣ ಬಂದದ್ದೇ ತಡ, ಈಗ ಪರಿಸ್ಥಿತಿ ಬೇರೆಯಾಗಿದೆ ಎಂದು ಬೆಲಿಂಡಾ ಪೊನ್‌ಚಾಯ್‌ಗೆ ಹೇಳುತ್ತಾಳೆ. ನಾಲ್ಕು ವರ್ಷದ ಹಿಂದೆ ಹವಾಯಿಯಲ್ಲಿ ತಾನು ಕೇಳಿಸಿಕೊಂಡ ಮಾತಿನ ಧಾಟಿಯೇ. ನನಗೆ ಮೊದಲು ಅವಳ ಮೇಲೆ ಸಿಟ್ಟು ಬಂತು. ಆಮೇಲೆ, ಇಷ್ಟು ವರ್ಷ ಊರವರ ಬೆನ್ನು ಒತ್ತಿದವಳು ಒಂದು ಸಲ ತನ್ನ ಪಾಡು ನೋಡಿಕೊಂಡರೆ ತಪ್ಪೇ ಎಂದೂ ಅನ್ನಿಸಿತು. ಎರಡೂ ಅನ್ನಿಸಿಕೆ ಇನ್ನೂ ಹಾಗೇ ಇವೆ. ನೀವು ನೋಡಿದ್ದರೆ ನಿಮಗೇನನ್ನಿಸಿತು, ಬರೆಯಿರಿ. ಬೆಲಿಂಡಾ ಈ ಸಲ ಮಗನ ಜೊತೆ ದೋಣಿಯಲ್ಲಿ ಕೂತು ಹೊರಡುತ್ತಾಳೆ. ಪೊನ್‌ಚಾಯ್ ದಡದಲ್ಲಿ ಉಳಿಯುತ್ತಾನೆ.