ಗೆಲುವಿನ ನುಡಿಗೆ ನಡೆಯ ಸಾಕ್ಷಿಯೆಲ್ಲಿ?



ನುಡಿಗೆ ನಡೆಯೇ ಸಾಕ್ಷಿ ಎಂಬುದು ಶರಣರು ನಮ್ಮ ಕೈಗಿತ್ತ ಒರೆಗಲ್ಲು. ಆಳುವವರ ಮಾತನ್ನೂ ಅದಕ್ಕೆ ತಿಕ್ಕಿ ನೋಡಬೇಕು. ಯುದ್ಧಕಾಲದಲ್ಲಂತೂ ತಪ್ಪದೆ ನೋಡಬೇಕು.

ಬನಶಂಕರಿಗೆ ಬರುವ ಭಕ್ತರಲ್ಲಿ ಅನೇಕರು ಬಾದಾಮಿ, ಐಹೊಳೆಗಳನ್ನೂ ಕಂಡಿರುತ್ತಾರೆ. ಐಹೊಳೆಯ ಮೇಗುತಿ ಬಸದಿಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಿಕೇಶಿಯ ದಂಡೆಬ್ಬಿಸಿದ ಧೂಳಿನಿಂದ ಕಳೆಗುಂದಿದ ಪಲ್ಲವ ದೊರೆ ಕಂಚಿಯ ಕೋಟೆಯ ಮರೆಹೊಕ್ಕನೆಂದು ಅದು ಹೊಗಳುತ್ತದೆ. ಆ ಅಕ್ಷರಗಳಿಗೆ ಹತ್ತು ವರ್ಷ ತುಂಬುವ ಮೊದಲೇ, 642ರ ಸುಮಾರಿಗೆ, ಪಲ್ಲವ ನರಸಿಂಹವರ್ಮನು ಬಾದಾಮಿಯನ್ನೇ ಹಿಡಿದು 'ವಾತಾಪಿಕೊಂಡ'ನೆನಿಸಿದನು. ಇಲ್ಲಿನ ಬಂಡೆಯ ಮೇಲೆಯೇ ತನ್ನ ಶಾಸನವನ್ನು ಕೊರೆಯಿಸಿದನು. ರವಿಕೀರ್ತಿಯನ್ನು ನಾವು ಹಳಿಯುತ್ತಿಲ್ಲ. ಆದರೆ ಪ್ರಶಸ್ತಿ ಎಂಬುದು ಗೆಲುವನ್ನಷ್ಟೇ ಬರೆಯುತ್ತದೆ; ಗೆಲುವು ಉಳಿಯುವುದೇ ಎಂದು ಕೇಳುವುದಿಲ್ಲ.

ಅಂದಿನ ಪ್ರಜೆಗೆ ಕೇಳುವ ಹಕ್ಕಿರಲಿಲ್ಲ. ಇಂದು ಹಕ್ಕಿದ್ದರೂ ಪ್ರಶಸ್ತಿಯ ಚಾಳಿ ನಿಂತಿಲ್ಲ. 1962ರ ಅಕ್ಟೋಬರ್ 12ರಂದು, ನಮ್ಮ ನೆಲದಿಂದ ಚೀನೀಯರನ್ನು ತೆರವುಗೊಳಿಸಲು ಸೇನೆಗೆ ಆಜ್ಞೆಯಾಗಿದೆಯೆಂದು ಪ್ರಧಾನಿ ನೆಹರೂ ಪತ್ರಕರ್ತರಿಗೆ ಹೇಳಿದರು. ಆ ಹೊತ್ತಿಗೆ ನಾಮ್ಕಾ ಚೂ ದಂಡೆಯಲ್ಲಿದ್ದ ನಮ್ಮ ಯೋಧರಿಗೆ ಚಳಿಗೆ ತಕ್ಕ ಉಡುಪಿರಲಿಲ್ಲ, ಮದ್ದುಗುಂಡು ಸಾಲದಾಗಿತ್ತು. ಎಂಟೇ ದಿನಗಳಲ್ಲಿ ಚೀನೀ ಸೇನೆ ಎರಗಿತು. ಸೋಲಿನ ಕಾರಣಗಳನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿ 1963ರಲ್ಲೇ ಸಿದ್ಧವಾದರೂ, ಮುಂದೆ ಬಂದ ಯಾವ ಪಕ್ಷದ ಸರಕಾರವೂ ಅದನ್ನು ಪ್ರಕಟಿಸಲಿಲ್ಲ.

2020ರ ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಮಡಿದರು. ನಾಲ್ಕು ದಿನಗಳ ತರುವಾಯ, ನಮ್ಮ ಗಡಿಯೊಳಗೆ ಯಾರೂ ನುಸುಳಿಲ್ಲವೆಂದು ಪ್ರಧಾನಿ ಮೋದಿಯವರು ಸರ್ವಪಕ್ಷ ಸಭೆಯಲ್ಲಿ ನುಡಿದರು. ಹಾಗಾದರೆ ಆ ವೀರರು ಯಾರ ನೆಲದಲ್ಲಿ ಹೋರಾಡಿದರು ಎಂಬ ಪ್ರಶ್ನೆ ಎದ್ದಿತು. ಮರುದಿನವೇ ಪ್ರಧಾನಿಗಳ ಕಚೇರಿ ವಿವರಣೆ ಕೊಡಬೇಕಾಯಿತು. ಪಕ್ಷ ಬದಲಾಯಿತು, ಪೀಠ ಬದಲಾಗಲಿಲ್ಲ. ಪೀಠದ ಮಾತಿನ ರೀತಿಯೂ ಬದಲಾಗಲಿಲ್ಲ.

ಯುದ್ಧಕಾಲದಲ್ಲಿ ಪ್ರಶ್ನಿಸುವುದು ಯೋಧರಿಗೆ ಬಗೆಯುವ ದ್ರೋಹವಲ್ಲವೇ ಎಂದು ಕೆಲವರು ಕೇಳುವರು. ಗುಟ್ಟು ಬೇರೆ, ಸುಳ್ಳು ಬೇರೆ. ದಂಡು ಎಲ್ಲಿದೆ, ನಾಳೆ ಎತ್ತ ಸಾಗುವುದು ಎಂಬುದು ಗುಟ್ಟಾಗಿಯೇ ಇರಲಿ. ಅದು ಯೋಧನನ್ನು ಕಾಯುತ್ತದೆ. ಆದರೆ ಕೊರತೆಯಿದ್ದಾಗ ಎಲ್ಲವೂ ಇದೆ ಎನ್ನುವುದು, ಹಿನ್ನಡೆಯಾದಾಗ ಏನೂ ಆಗಿಲ್ಲ ಎನ್ನುವುದು ಕುರ್ಚಿಯನ್ನು ಮಾತ್ರ ಕಾಯುತ್ತದೆ. ಹೇಳದ ರೋಗಕ್ಕೆ ಮದ್ದಿಲ್ಲ. ಒಪ್ಪಿಕೊಳ್ಳದ ಕೊರತೆಯನ್ನು ತುಂಬುವವರಿಲ್ಲ. ಅದರ ಬೆಲೆಯನ್ನು ತೆರುವವನು ಗಡಿಯಲ್ಲಿ ನಿಂತವನು.

ಆದುದರಿಂದ ಬಂಧುಗಳೇ, ಗೆಲುವಿನ ಘೋಷಣೆ ಕೇಳಿಬಂದಾಗ ಜಯಕಾರ ಹಾಕುವ ಮೊದಲು ಸಾಕ್ಷಿ ಕೇಳೋಣ. ನಮ್ಮ ಮೆಚ್ಚಿನ ಪಕ್ಷದ ನಾಯಕರನ್ನು ಮೊದಲು ಕೇಳೋಣ. ಒರೆಗಲ್ಲಿಗೆ ತನ್ನ ಚಿನ್ನ, ಪರರ ಚಿನ್ನ ಎಂಬ ಭೇದವಿಲ್ಲ. ಮಗನನ್ನು ಗಡಿಗೆ ಕಳುಹಿಸಿ ದೇವಿಯ ಮುಂದೆ ಕೈಮುಗಿದು ನಿಂತ ತಾಯಿಗೆ ನಾಡು ಸಲ್ಲಿಸಬೇಕಾದ ಮೊದಲ ಗೌರವ, ಆಕೆಗೆ ಸತ್ಯವನ್ನು ಹೇಳುವುದು.