ಫೌಜಿಗೆ ಫೌಜಿಗಳದ್ದೇ ಮನೆ ಬೇಕೆ?

ಡಿಮೆನ್ಷಿಯಾ ಬಂದ ಮಾಜಿ ಸೈನಿಕರಿಗೆ ಆರೈಕೆ ಮನೆ ಹುಡುಕುವವರು ಗೋಡೆಯ ಮೇಲಿನ ರೆಜಿಮೆಂಟಿನ ಲಾಂಛನಕ್ಕೆ ಮರುಳಾಗಬೇಡಿ, ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರು ಎದ್ದಿರುತ್ತಾರೆ ಎಂದು ಕೇಳಿ ಎಂದು ನಾನು ಬರೆದದ್ದು ಕೆಲವರನ್ನು ಕೆರಳಿಸಿದೆ. ಅದಕ್ಕೆ ಯೋಕೋಹಾಮಾದ ಪುಟ್ಟ ಗ್ರೂಪ್ ಹೋಮ್‌ಗಳ ಉದಾಹರಣೆ ಕೊಟ್ಟದ್ದು ಇನ್ನೂ ಕೆಲವರನ್ನು. ಕೊಡಗು, ಬೆಳಗಾವಿ, ಬೆಂಗಳೂರುಗಳಿಂದ ಬಂದ ಆಕ್ಷೇಪಗಳಲ್ಲಿ ಬೈಗುಳ ಕಳೆದು ಉಳಿದದ್ದಕ್ಕೆ ಯೋಕೋಹಾಮಾದಲ್ಲೇ ಕೂತು ಉತ್ತರ ಬರೆಯುತ್ತಿದ್ದೇನೆ.

ಮೊದಲು ಸುಲಭದ್ದು. ‘ಹೆತ್ತವರನ್ನು ಮನೆಯಿಂದಾಚೆ ಹಾಕುವ ಪಾಠ ನಮಗೆ ಬೇಡ, ಅಪ್ಪನನ್ನು ಮನೆಯಲ್ಲೇ ನೋಡಿಕೊಳ್ಳುವುದು ನಮ್ಮ ಸಂಸ್ಕೃತಿ’ ಎಂದಿದ್ದಾರೆ ಹಲವರು. ನೋಡಿಕೊಳ್ಳುವವರು ಯಾರು ಎಂಬ ಮಾತು ಮಾತ್ರ ಯಾವ ಪತ್ರದಲ್ಲೂ ಇಲ್ಲ. ಬರೆದವರೆಲ್ಲ ಗಂಡುಮಕ್ಕಳು, ನೋಡಿಕೊಳ್ಳುವವರು ಸೊಸೆ, ಇಲ್ಲವೇ ಎಪ್ಪತ್ತು ದಾಟಿದ ಹೆಂಡತಿ. ಜಪಾನಿನ ಕಥೆಯೂ ಬೇರೆಯಲ್ಲ. 2007ರಲ್ಲಿ ಆಯಿಚಿ ಪ್ರಾಂತ್ಯದ ಓಬು ಎಂಬಲ್ಲಿ, 85 ವರ್ಷದ ಹೆಂಡತಿಗೆ ಒಂದು ಗಳಿಗೆ ತೂಕಡಿಕೆ ಹತ್ತಿದಾಗ ಡಿಮೆನ್ಷಿಯಾ ಇದ್ದ 91 ವರ್ಷದ ಗಂಡ ಮನೆಯಿಂದ ಹೊರಬಿದ್ದು ರೈಲಿಗೆ ಸಿಕ್ಕಿ ತೀರಿಕೊಂಡರು. ರೈಲು ತಡವಾದ ನಷ್ಟವನ್ನು ಕಂಪನಿ ಕುಟುಂಬದವರಿಂದ ಕೇಳಿತು. ಕೆಳಗಿನ ಕೋರ್ಟುಗಳು ಕಟ್ಟಿಕೊಡಿ ಎಂದವು. ಕಟ್ಟಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2016ರ ಮಾರ್ಚ್ ಬಂದಿತ್ತು. ಮನೆಯಲ್ಲೇ ನೋಡಿಕೊಂಡ ತಪ್ಪಿಗೆ ಇಷ್ಟು ವರ್ಷದ ಕೋರ್ಟು ಕಚೇರಿ! ಕೈಲಾಗುವವರು ಮನೆಯಲ್ಲೇ ನೋಡಿಕೊಳ್ಳಲಿ, ಬೇಡ ಎಂದವರಾರು? ನಾನು ಬರೆದದ್ದು ಕೈಲಾಗದವರಿಗೆ.

‘ಯುದ್ಧವನ್ನೇ ಬಿಟ್ಟ ದೇಶ ಸೈನಿಕರ ವಿಷಯದಲ್ಲಿ ನಮಗೇನು ಹೇಳಿಕೊಟ್ಟೀತು?’ ಇದು ನಿವೃತ್ತ ಅಧಿಕಾರಿಯೊಬ್ಬರ ಪ್ರಶ್ನೆ. ಒಳ್ಳೆಯ ಪ್ರಶ್ನೆ, ಏಕೆಂದರೆ ಉತ್ತರ ಅವರು ಊಹಿಸಿದಂತಿಲ್ಲ. ಗಾಯಾಳು ಸೈನಿಕರಿಗಾಗಿಯೇ ಪ್ರತ್ಯೇಕ ಮನೆ ಕಟ್ಟುವ ಕಾನೂನನ್ನು ಜಪಾನ್ ಮಾಡಿದ್ದು 1906ರಲ್ಲಿ, ರಷ್ಯಾದೊಡನೆ ಯುದ್ಧ ಮುಗಿದ ಮರುವರ್ಷ. ಟೋಕಿಯೋದಲ್ಲಿ ಶುರುವಾದ ಆ ಮನೆ 1930ರ ದಶಕದಲ್ಲಿ ಓದವಾರಾಕ್ಕೆ ಬಂತು. ಅದು ಯೋಕೋಹಾಮಾ ಇರುವ ಕನಗಾವಾ ಪ್ರಾಂತ್ಯದ್ದೇ ಊರು. ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲಿನ ಸ್ವಾಧೀನ ಕಳೆದುಕೊಂಡವರು ಎರಡನೇ ಮಹಾಯುದ್ಧ ಮುಗಿದು ದಶಕಗಳಾದರೂ ಅಲ್ಲಿಯೇ ಇದ್ದು ಮುದುಕರಾದರು. ಇವತ್ತು ಅದು ಹಾಕೋನೆ ಆಸ್ಪತ್ರೆ. ದೇಹದ ಗಾಯಕ್ಕೆ ಆ ವ್ಯವಸ್ಥೆ ಆದೀತು. ಮನಸ್ಸಿಗೆ ಪೆಟ್ಟಾದವರನ್ನು ಚೀಬಾ ಪ್ರಾಂತ್ಯದ ಕೋನೋದಾಯಿ ಸೇನಾ ಆಸ್ಪತ್ರೆಗೆ ಸೇರಿಸುತ್ತಿದ್ದರು. ಜಪಾನ್ ಸೋತಾಗ ದಾಖಲೆಗಳನ್ನೆಲ್ಲ ಸುಟ್ಟುಬಿಡಿ ಎಂಬ ಆಜ್ಞೆ ಬಂತು. ವೈದ್ಯರು ಸಾವಿರಾರು ಕಡತಗಳನ್ನು ಬಚ್ಚಿಟ್ಟು ಉಳಿಸಿದ್ದರಿಂದ ನಮಗೆ ಈಗ ವಿಷಯ ಗೊತ್ತು. ಮನೆಗೆ ಮರಳಿದ ಉಳಿದವರಲ್ಲಿ ಎಷ್ಟೋ ಜನ ಕುಡಿದರು, ಮಕ್ಕಳನ್ನು ಹೊಡೆದರು, ಯುದ್ಧದ ಬಗ್ಗೆ ತುಟಿ ಬಿಚ್ಚಲಿಲ್ಲ. ಅಂಥ ಒಬ್ಬ ತಂದೆಯ ಮಗ ಕುರೋಯಿ ಆಕಿಯೋ ಇತ್ತೀಚಿನ ವರ್ಷಗಳಲ್ಲಿ ಇತರ ಕುಟುಂಬಗಳನ್ನೂ ಕೂಡಿಸಿಕೊಂಡು ಗಟ್ಟಿಯಾಗಿ ಮಾತಾಡಿದ ಮೇಲೆ, ಸರ್ಕಾರ ಈ ಸೈನಿಕರ ಮಾನಸಿಕ ಗಾಯದ ಸಮೀಕ್ಷೆಗೆ ಕೈಹಾಕಿದ್ದು 2024ರಲ್ಲಿ. ಅಷ್ಟರಲ್ಲಿ ಅವರಲ್ಲಿ ಹೆಚ್ಚಿನವರು, ನೀವು ಎಲ್ಲಿದ್ದಿರಿ ಎಂದು ಯಾರೂ ಕೇಳದೆ, ತೀರಿಹೋಗಿದ್ದರು. ಕಲಿಯುವುದು ಇದರಿಂದಲೂ ಇದೆ.

ಅಂದಹಾಗೆ, ನಮ್ಮ ಸೈನಿಕರಿಗೂ ಈ ನೆಲಕ್ಕೂ ಸಂಬಂಧವೇ ಇಲ್ಲ ಎಂದವರು ಒಮ್ಮೆ ಹೊದೊಗಾಯಾದ ಕಾಮನ್‌ವೆಲ್ತ್ ಸಮಾಧಿ ಸ್ಥಳಕ್ಕೆ ಹೋಗಿಬರಲಿ. ಯೋಕೋಹಾಮಾದ ಒಂದು ವಾರ್ಡ್ ಅದು. ಅವಿಭಜಿತ ಭಾರತದ ಯೋಧರಿಗೆ ಅಲ್ಲಿ ಪ್ರತ್ಯೇಕ ಭಾಗವೇ ಇದೆ. ಯುದ್ಧದ ನಂತರ ಜಪಾನಿಗೆ ಬಂದ ಭಾರತೀಯ ಪಡೆಯಲ್ಲಿ 268ನೇ ಬ್ರಿಗೇಡಿನ ದಂಡನಾಯಕ ನಮ್ಮ ಮಡಿಕೇರಿಯ ತಿಮ್ಮಯ್ಯ.

ಈಗ ನಿಜವಾದ ಜಗಳಕ್ಕೆ ಬರೋಣ. ‘ಸೈನಿಕನ ಮನಸ್ಸು ಸೈನಿಕನಿಗೇ ಗೊತ್ತು, ಆದ್ದರಿಂದ ಸೈನಿಕರಿಗಷ್ಟೇ ಮೀಸಲಾದ ಮನೆ ಇರಲಿ, ಅಂಥದ್ದು ಸಿಕ್ಕಿದರೆ ಬೇರೆ ನೋಡಲೇಬೇಡಿ.’ ಹತ್ತರಲ್ಲಿ ಎಂಟು ಪತ್ರಗಳ ಸಾರ ಇದು. ಅರ್ಧ ನಿಜ. ಸಂಜೆ ಇಬ್ಬರು ಹಳೆಯ ಜವಾನರು ಜೊತೆಗೆ ಕೂತರೆ ಯಾವ ಮಾತ್ರೆಯೂ ಮಾಡದ ಕೆಲಸ ಆಗುತ್ತದೆ, ಒಪ್ಪಿದೆ. ಬ್ರಿಟನ್ನಿನ ಚೆಲ್ಸಿಯಲ್ಲಿ ಮಾಜಿ ಸೈನಿಕರ ಮನೆ ಇದೆ, ಅಮೆರಿಕದ ರಾಜ್ಯಗಳಲ್ಲಿ ವೆಟರನ್ಸ್ ಹೋಮ್‌ಗಳಿವೆ, ಅವನ್ನು ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಸಿಪಾಯಿ ನಿವೃತ್ತನಾಗುವುದು ಮೂವತ್ತೈದು, ನಲವತ್ತರ ಆಸುಪಾಸಿನಲ್ಲಿ. ಆಮೇಲೆ ಬ್ಯಾಂಕಿನ ಗೇಟಿನಲ್ಲಿ, ಕಾಫಿ ತೋಟದಲ್ಲಿ, ದೇವಸ್ಥಾನದ ಕಮಿಟಿಯಲ್ಲಿ, ಮೊಮ್ಮಕ್ಕಳ ಜೊತೆಯಲ್ಲಿ ಇನ್ನೊಂದು ನಲವತ್ತು ವರ್ಷ ಬದುಕುತ್ತಾನೆ. ಡಿಮೆನ್ಷಿಯಾದ ತೊಡಕು ಎಂದರೆ ಅದು ಈಚಿನದನ್ನು ಮೊದಲು ಅಳಿಸುತ್ತದೆ, ಇಪ್ಪತ್ತರ ಹರೆಯದ್ದನ್ನು ಕೊನೆಯವರೆಗೂ ಉಳಿಸುತ್ತದೆ. ಮನೆಯವರು ಎಂದೂ ನೋಡಿರದ ಸೈನಿಕ ಆಗ ಎದುರಿಗೆ ಬಂದು ನಿಲ್ಲುತ್ತಾನೆ. ಯಾವ ಸೈನಿಕ? 1971ರ ಪೂರ್ವ ಗಡಿಯವನೋ, ಸಿಯಾಚಿನ್‌ನವನೋ, 1987ರ ನಂತರ ಜಾಫ್ನಾಕ್ಕೆ ಹೋದವನೋ, ಅಥವಾ ಸೇವೆಯ ಅಷ್ಟೂ ವರ್ಷ ಗುಮಾಸ್ತನಾಗಿ ಕಡತ ಬರೆದವನೋ? ಸೈನಿಕರ ಮನೆ ಎಂಬ ಬೋರ್ಡಿಗೆ ಇದು ಗೊತ್ತಿರುವುದಿಲ್ಲ, ಅಲ್ಲಿ ಕೆಲಸ ಮಾಡುವ ಒಬ್ಬರಿಗಾದರೂ ಗೊತ್ತಿರಬೇಕು.

ಪುತ್ತರಿಯ ದಿನ ಗದ್ದೆಯಲ್ಲಿ ಕೋವಿ ಹಾರಿಸುವ ಸದ್ದನ್ನೇ ತೆಗೆದುಕೊಳ್ಳಿ. ಒಬ್ಬ ಕೊಡವ ಮುದುಕನಿಗೆ ಅದು ಕದಿರು ಮನೆಗೆ ಬಂದ ಸಂಭ್ರಮ. ಪಕ್ಕದ ಹಾಸಿಗೆಯವನು ಅದೇ ಸದ್ದಿಗೆ ಮಂಚದ ಕೆಳಗೆ ತೂರಿಕೊಂಡಾನು. ಇಬ್ಬರೂ ಒಂದೇ ರೆಜಿಮೆಂಟಿನವರಾಗಿರಬಹುದು. ಜೂನ್ 2ಕ್ಕೆ ಯೋಕೋಹಾಮಾ ಬಂದರಿನ ವಾರ್ಷಿಕೋತ್ಸವಕ್ಕೆ ಪಟಾಕಿ ಸಿಡಿಸುವಾಗಲೂ ಇದೇ ಪ್ರಶ್ನೆ ಏಳುತ್ತದೆ, ಏಕೆಂದರೆ 1945ರ ಮೇ 29ರಂದು ಐನೂರಕ್ಕೂ ಹೆಚ್ಚು ಬಿ-29 ವಿಮಾನಗಳು ಈ ಊರನ್ನು ಸುಟ್ಟದ್ದನ್ನು ಮಕ್ಕಳಾಗಿ ಕಂಡವರು ಇನ್ನೂ ಇದ್ದಾರೆ.

ಮಿದೊರಿ ವಾರ್ಡಿನ ಒಂದು ಗ್ರೂಪ್ ಹೋಮಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಏರು ಬೀದಿಯ ಸಾಧಾರಣ ಎರಡಂತಸ್ತಿನ ಮನೆ. ಬಾಗಿಲ ಬಳಿ ಒಂಬತ್ತು ಜೊತೆ ಚಪ್ಪಲಿ, ಒಳಗೆ ಅಕ್ಕಿ ತೊಳೆಯುತ್ತಿರುವ ಅಜ್ಜಿ, ಟವೆಲ್ ಮಡಚುತ್ತಿರುವ ಇಬ್ಬರು. ಕಾನೂನಿನ ಪ್ರಕಾರವೇ ಒಂದು ಘಟಕದಲ್ಲಿ ಐದರಿಂದ ಒಂಬತ್ತು ಜನ, ಎಲ್ಲರೂ ಅದೇ ನಗರದ ನಿವಾಸಿಗಳು. ಅವರಲ್ಲೊಬ್ಬರು ಯೊಕೊಸುಕಾ ನೌಕಾನೆಲೆಯಲ್ಲಿ ದುಡಿದು ನಿವೃತ್ತರಾದವರು. ಸಂಜೆ ನಾಲ್ಕಾಗುತ್ತಿದ್ದಂತೆ ಎದ್ದು ಓಡಾಟ ಶುರುಮಾಡಿದರು, ಮುಖ ಬಿಗಿದಿತ್ತು. ನೇಪಾಳದಿಂದ ಬಂದ ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗಿ ‘ಕೂತ್ಕೊಳ್ಳಿ’ ಎನ್ನಲಿಲ್ಲ. ಒಂದು ಕ್ಲಿಪ್‌ಬೋರ್ಡ್ ಹಿಡಿದು ಜೊತೆಗೆ ನಡೆದಳು. ಅವರು ಒಂದೊಂದೇ ಕಿಟಕಿಯ ಚಿಲಕ ಮುಟ್ಟಿ ನೋಡಿದರು, ಆಕೆ ಒಂದೊಂದಕ್ಕೂ ಗುರುತು ಹಾಕಿದಳು. ಕೊನೆಯ ಕಿಟಕಿ ಮುಗಿದ ಮೇಲೆ ‘ಎಲ್ಲ ಸರಿ ಇದೆಯಾ?’ ಎಂದಳು. ‘ಸರಿ ಇದೆ’ ಎಂದು ಅವರು ಚಹಾಕ್ಕೆ ಕೂತರು. ಹಡಗಿನಲ್ಲಿ ನಾಲ್ಕಕ್ಕೆ ಕಾವಲು ಬದಲಾಗುತ್ತಿತ್ತು ಎಂದು ಅವರ ಹೆಂಡತಿ ಸೇರಿಸುವಾಗಲೇ ಬರೆದುಕೊಟ್ಟಿದ್ದರಂತೆ. ಆ ಹುಡುಗಿ ಸೈನ್ಯ ಕಂಡವಳಲ್ಲ, ಹಡಗು ಹತ್ತಿದವಳಲ್ಲ. ಆ ಒಂದು ಹಾಳೆ ಓದಿದ್ದಳು, ಅಷ್ಟೆ. ಅದೇ ಮನುಷ್ಯನನ್ನು ಶಿಸ್ತಿನ ‘ಫೌಜಿ ಮನೆ’ಯಲ್ಲಿ ಯಾರಾದರೂ ಗದರಿ ಕೂರಿಸಿದ್ದರೆ ಎಂದು ಯೋಚಿಸಿ. ಇನ್ನು ಅಲ್ಲಿ ಕರ್ನಲ್ ಸಾಹೇಬರು, ಸುಬೇದಾರ್ ಸಾಹೇಬರು, ಸಿಪಾಯಿ ಒಂದೇ ಮೇಜಿಗೆ ಊಟಕ್ಕೆ ಕೂತಾಗ ಏನಾಗುತ್ತದೆ ಎಂಬುದನ್ನು ಪತ್ರ ಬರೆದ ಅಧಿಕಾರಿಗಳು ಹೇಳಿಲ್ಲ. ಸಿಪಾಯಿಗಳನ್ನು ಕೇಳಿದರೆ ಹೇಳುತ್ತಾರೆ.

‘ಬಾಗಿಲಿಗೆ ಬೀಗ ಹಾಕದ ಮನೆ ಎಂಥ ಮನೆ? ಸೈನಿಕ ಗಟ್ಟಿಮುಟ್ಟಾಗಿರುತ್ತಾನೆ, ಹೊರಟರೆ ಹಿಡಿಯುವವರು ಯಾರು?’ ಭಯ ಸುಳ್ಳಲ್ಲ. ಡಿಮೆನ್ಷಿಯಾದವರು ಕಾಣೆಯಾದ ಬಗ್ಗೆ 2023ರಲ್ಲಿ ಜಪಾನಿನ ಪೊಲೀಸರಿಗೆ ಬಂದ ದೂರುಗಳು 19,039. ಆದರೂ ಇಲ್ಲಿ ಆರೈಕೆ ವಿಮೆ ಜಾರಿಗೆ ಬಂದ 2000ದಿಂದಲೇ ಕೈಕಾಲು ಕಟ್ಟುವುದು, ತಾವಾಗಿ ತೆರೆಯಲಾಗದ ಕೋಣೆಯಲ್ಲಿ ಕೂಡಿಹಾಕುವುದು, ಸುಮ್ಮನಿರಿಸಲು ವಿಪರೀತ ಮಾತ್ರೆ ನುಂಗಿಸುವುದು ಎಲ್ಲ ನಿಷಿದ್ಧದ ಪಟ್ಟಿಯಲ್ಲಿವೆ. ಬೇರೆ ದಾರಿಯೇ ಇಲ್ಲ, ಅಪಾಯ ಕಣ್ಣೆದುರಿಗಿದೆ, ಸ್ವಲ್ಪ ಹೊತ್ತಿಗೆ ಮಾತ್ರ ಎಂಬ ಮೂರೂ ಷರತ್ತು ಕೂಡಿದರಷ್ಟೇ ವಿನಾಯಿತಿ. ಬೀಗದ ಬದಲು ಬಾಗಿಲಿಗೆ ಗಂಟೆ, ಜೊತೆಗೆ ನಡೆಯಲು ಜನ, ಕಾಣೆಯಾದವರನ್ನು ಹುಡುಕಲು ಮನೆಯವರು ಮುಂಚೆಯೇ ಹೆಸರು ನೋಂದಾಯಿಸುವ ಊರಿನ ಎಸ್‌ಒಎಸ್ ಜಾಲ. ಉಳಿದವರ ಮಾತು ಬಿಡಿ, ಸೈನಿಕನ ಮಟ್ಟಿಗೆ ಬೀಗ ಹಾಕಿದ ಬಾಗಿಲೆಂದರೆ ಸೆರೆ. ಸೆರೆಯಿಂದ ತಪ್ಪಿಸಿಕೊಳ್ಳುವುದೇ ಅವನಿಗೆ ಹೇಳಿಕೊಟ್ಟ ಪಾಠ. ಬೀಗ ಹಾಕಿದಷ್ಟೂ ಗುದ್ದುತ್ತಾನೆ, ಗುದ್ದಿದಷ್ಟೂ ‘ಹಿಂಸಾಪ್ರವೃತ್ತಿ’ ಎಂದು ಕಡತದಲ್ಲಿ ಬೀಳುತ್ತದೆ, ಬಿದ್ದಷ್ಟೂ ಮಾತ್ರೆ ಹೆಚ್ಚುತ್ತದೆ.

ಮಾತ್ರೆಯ ಬಗ್ಗೆ ವೈದ್ಯರೊಬ್ಬರು ಖಾರವಾಗಿ ಬರೆದಿದ್ದಾರೆ: ರಾತ್ರಿ ಕಿರುಚಿ ಕೈ ಬೀಸುವವನಿಗೆ ಮದ್ದು ಕೊಡದೆ ಹಾಡು ಹೇಳಬೇಕೇ ಎಂದು. ಅವರಿಗೆ ಯೋಕೋಹಾಮಾದ್ದೇ ಒಂದು ಹೆಸರು ನೆನಪಿಸುತ್ತೇನೆ, ಕೊಸಾಕಾ ಕೆಂಜಿ. ಯೋಕೋಹಾಮಾ ಸಿಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಅವರು 1976ರಿಂದ ಒಂದೊಂದೇ ಪ್ರಕರಣ ಬಿಡಿಸಿ ತೋರಿಸಿದ ಕಾಯಿಲೆಯನ್ನು ಜಗತ್ತು ಇಂದು ಲೂವಿ ಬಾಡಿ ಡಿಮೆನ್ಷಿಯಾ ಎಂದು ಕರೆಯುತ್ತದೆ. ಇದರಲ್ಲಿ ಇಲ್ಲದ ಜನ ಕೋಣೆಯಲ್ಲಿ ಕಾಣಿಸುತ್ತಾರೆ, ಕನಸಿನಲ್ಲಿ ಮಾಡುವುದನ್ನೆಲ್ಲ ಕೈಕಾಲು ನಿಜವಾಗಿ ಮಾಡುತ್ತವೆ, ಗುದ್ದು ಒದೆ ಎಲ್ಲ. ಮಾಜಿ ಸೈನಿಕನಲ್ಲಿ ಇದನ್ನು ಕಂಡವರು ‘ಪಾಪ, ಯುದ್ಧ ನೆನಪಾಗಿದೆ’ ಎಂದುಕೊಳ್ಳುತ್ತಾರೆ. ಯುದ್ಧದ ನೆನಪಿನಿಂದ ಕಿರುಚುವವನನ್ನು ಕಂಡವರು ‘ಅರಳು ಮರಳು’ ಎನ್ನುತ್ತಾರೆ. ಎರಡೂ ಒಬ್ಬನಲ್ಲೇ ಇರಲೂಬಹುದು. ಅಮೆರಿಕದ 1,81,093 ಮಾಜಿ ಸೈನಿಕರ ದಾಖಲೆ ನೋಡಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯುದ್ಧದ ಆಘಾತ ಉಳಿದಿದ್ದವರ ಪೈಕಿ ಏಳು ವರ್ಷದಲ್ಲಿ ಶೇ. 10.6 ಮಂದಿಗೆ ಡಿಮೆನ್ಷಿಯಾ ಬಂದಿತ್ತು, ಉಳಿದವರಲ್ಲಿ ಶೇ. 6.6. ಮುಖ್ಯ ಮಾತು ಇದು: ಲೂವಿ ಬಾಡಿ ಇರುವವನಿಗೆ ಸಾಮಾನ್ಯವಾಗಿ ಕೊಡುವ ಆಂಟಿಸೈಕೋಟಿಕ್ ಮಾತ್ರೆ ಕೊಟ್ಟರೆ ಮೈ ಮರಗಟ್ಟಿ ಪ್ರಾಣಕ್ಕೇ ಕುತ್ತು ಬರಬಹುದು. ಡಿಮೆನ್ಷಿಯಾದ ಮುದುಕರಲ್ಲಿ ಈ ಮಾತ್ರೆಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಔಷಧದ ಲೇಬಲಿನಲ್ಲಿ ಎಚ್ಚರಿಕೆ ಹಾಕಿಸಿದ್ದಾರೆ. ಹಾಡು ಹೇಳಿ ಎಂದು ನಾನು ಬರೆದಿಲ್ಲ. ಯಾವ ಬಗೆಯ ಡಿಮೆನ್ಷಿಯಾ ಎಂದು ಕೇಳದೆ ಸೇರಿಸಿಕೊಳ್ಳುವ ಮನೆಗೆ ಸೇರಿಸಬೇಡಿ ಎಂದು ಬರೆದಿದ್ದೆ. ಕಿವಿಯನ್ನೂ ಪರೀಕ್ಷೆ ಮಾಡಿಸಿ ಎಂದಿದ್ದೆ. ತೋಪಿನ ಪಕ್ಕ ನಿಂತು ಕಿವಿ ಕಳೆದುಕೊಂಡವನು ಉತ್ತರ ಕೊಡದಿದ್ದರೆ ಬುದ್ಧಿ ಹೋಯಿತು ಎಂದು ಬರೆದುಕೊಳ್ಳುವವರನ್ನು ಕಂಡಿದ್ದೇನೆ.

‘ಜಪಾನ್ ಶ್ರೀಮಂತ ದೇಶ.’ ಹೌದು. ನಲವತ್ತು ದಾಟಿದವರೆಲ್ಲ ಕಂತು ಕಟ್ಟುತ್ತಾರೆ, ಆರೈಕೆಯ ಖರ್ಚಿನಲ್ಲಿ ನೂರಕ್ಕೆ ಹತ್ತರಿಂದ ಮೂವತ್ತು ಭಾಗ ಮಾತ್ರ ಕೈಯಿಂದ ಹೋಗುತ್ತದೆ, ಬಾಡಿಗೆ ಊಟ ಬೇರೆ. ನಮ್ಮಲ್ಲಿ ಅಂಥ ವಿಮೆ ಇಲ್ಲ, ಬೇಕು. ಆದರೆ ನಾನು ಕೇಳಿ ಎಂದ ಪ್ರಶ್ನೆಗಳಲ್ಲಿ ಯಾವುದಕ್ಕೂ ಯೆನ್ ಬೇಕಿಲ್ಲ. ಜಪಾನನ್ನು ಸ್ವರ್ಗ ಮಾಡಿದ್ದೀರಿ ಎಂಬ ದೂರಿಗೂ ಇಲ್ಲೇ ಹೇಳಿಬಿಡುತ್ತೇನೆ: 2014ರಲ್ಲಿ, ಪಕ್ಕದ ಕವಾಸಾಕಿಯ ಒಂದು ಆರೈಕೆ ಮನೆಯಲ್ಲಿ, ರಾತ್ರಿ ಪಾಳಿಯ ನೌಕರನೊಬ್ಬ ಮೂವರು ವೃದ್ಧರನ್ನು ಬಾಲ್ಕನಿಯಿಂದ ಎಸೆದು ಕೊಂದದ್ದು ಕೋರ್ಟಿನಲ್ಲಿ ಸಾಬೀತಾಗಿದೆ. ರಾತ್ರಿ ಎರಡು ಗಂಟೆಗೆ ಯಾರು ಎದ್ದಿರುತ್ತಾರೆ ಎಂಬ ನನ್ನ ಪ್ರಶ್ನೆ ಹುಟ್ಟಿದ್ದು ಸ್ವರ್ಗದಲ್ಲಲ್ಲ. ಇಲ್ಲಿನ ಗ್ರೂಪ್ ಹೋಮ್‌ಗಳು ಎರಡು ತಿಂಗಳಿಗೊಮ್ಮೆ ಮನೆಯವರು, ನೆರೆಹೊರೆಯವರು, ಊರಿನ ಅಧಿಕಾರಿಗಳನ್ನು ಕೂರಿಸಿಕೊಂಡು ಬಿದ್ದವರೆಷ್ಟು, ಹೊರಗೆ ಹೋದವರೆಷ್ಟು ಎಂದು ಲೆಕ್ಕ ಒಪ್ಪಿಸಬೇಕು. ಬೆಂಗಳೂರಿನ ಮನೆಯೊಂದು ಇದನ್ನು ತಾನಾಗಿ ಮಾಡುತ್ತೇನೆ ಎಂದರೆ ಅಡ್ಡಿ ಮಾಡುವವರು ಯಾರು?

ಕೊನೆಗೆ ಮಾಜಿ ಹವಾಲ್ದಾರರೊಬ್ಬರ ಮಾತು, ನನಗೆ ಬಂದ ಪತ್ರಗಳಲ್ಲೆಲ್ಲ ಇದೊಂದೇ ನನ್ನನ್ನು ನಿಲ್ಲಿಸಿದ್ದು: ‘ಅಪ್ಪ ಎಲ್ಲಿದ್ದರು, ಏನು ಕಂಡರು ಎಂದು ಮನೆಯವರಿಗೇ ಗೊತ್ತಿರುವುದಿಲ್ಲ. ಆ ಹಾಳೆ ಬರೆದುಕೊಡುವವರು ಯಾರು?’ ಡಿಸ್ಚಾರ್ಜ್ ಬುಕ್ಕಿನಿಂದ ಶುರುಮಾಡಿ. ಸೇರಿದ ವರ್ಷ, ಯೂನಿಟ್, ಪದಕಗಳು ಅದರಲ್ಲಿವೆ. ಪದಕದಿಂದ ಯಾವ ರಂಗ ಎಂದು ತಿಳಿಯುತ್ತದೆ. ಯೂನಿಟ್ಟಿನ ಜೊತೆಗಾರರು ಇನ್ನೂ ಇದ್ದಾರೆ, ಫೋನ್ ಮಾಡಿ. ನೆನಪು ಪೂರ್ತಿ ಹೋಗುವ ಮೊದಲು ಅವರನ್ನೇ ಕೇಳಿ, ಅಮ್ಮನನ್ನು ಕೇಳಿ: ಯಾವ ಸದ್ದಿಗೆ ಬೆಚ್ಚುತ್ತಾರೆ, ಯಾವ ಹೊತ್ತಿಗೆ ಎದ್ದು ಕೂರುತ್ತಾರೆ, ನಿದ್ದೆಯಲ್ಲಿ ಯಾರ ಹೆಸರು ಕರೆಯುತ್ತಾರೆ, ಹಿಂದಿಯಲ್ಲೋ ಕನ್ನಡದಲ್ಲೋ ಕೊಡವ ತಕ್ಕಿನಲ್ಲೋ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳು ಪಿಂಚಣಿಯ ಫಾರಂ ತುಂಬಿಸಲು ಮಾಜಿ ಸೈನಿಕರಿಗೆ ನೆರವಾಗುವಂತೆ ಇಂಥ ಒಂದು ಪುಟ ತುಂಬಿಸಲೂ ನೆರವಾಗಲಿ. ಅದನ್ನು ತೆಗೆದುಕೊಂಡು ಮನೆ ನೋಡಲು ಹೋಗಿ. ಮ್ಯಾನೇಜರಿಗೆ ಕೊಡಬೇಡಿ, ರಾತ್ರಿ ಪಾಳಿಯವರ ಕೈಗೆ ಕೊಟ್ಟು ಓದುತ್ತಾರೆಯೇ ನೋಡಿ.